ಇಳಿದ ಅಂಕೆ

ನಮ್ಮ ಕಾಸರಗೋಡಿನ ಕಡೆ ಹಿಂದೆ ಇಬ್ಬರು ಗೃಹಸ್ಥರು ಎದುರುಬದುರಾದರೆ ಮೊದಲು ಮಳೆಯ ಮಾತು, ಆಮೇಲೆ ಅಡಕೆಯ ಧಾರಣೆಯ ಮಾತು, ಅದೂ ಮುಗಿದ ಬಳಿಕ ಮಗಳ ಮದುವೆಯ ಮಾತು, ಹೀಗೊಂದು ಕ್ರಮವಿತ್ತು. ಈಗ್ಗೆ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಆ ಕ್ರಮ ತಪ್ಪಿದೆ. ಐವತ್ತು ದಾಟಿದ ಇಬ್ಬರು ಮದುವೆಯ ಚಪ್ಪರದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರೆಂದರೆ, ಎಲೆಗೆ ಪಾಯಸ ಬೀಳುವಷ್ಟರಲ್ಲಿ "ನಿಮ್ಮದೆಷ್ಟು?" ಎಂಬ ಪ್ರಶ್ನೆ ಹುಟ್ಟುತ್ತದೆ. ಕೇಳುವುದು ತೋಟದ ವಿಸ್ತಾರವನ್ನಲ್ಲ. ಸಕ್ಕರೆಯ ಅಂಕೆಯನ್ನು, ರಕ್ತದೊತ್ತಡದ ಅಂಕೆಯನ್ನು, ಕೊಲೆಸ್ಟರಾಲಿನ ಅಂಕೆಯನ್ನು. ಉತ್ತರಿಸುವವನ ಅಂಕೆ ಕಡಿಮೆಯಿದ್ದರೆ ಅವನ ಮುಖದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನ ಗೆಲವು. ಹೆಚ್ಚಿದ್ದರೆ ಸೊಸೈಟಿಯ ಸಾಲ ಬಾಕಿಯಿರುವವನ ಸಂಕೋಚ.

ನಾವೂ ಈ ಪಂಕ್ತಿಗೆ ಸೇರಿದವರೇ. ಕೊಲೆಸ್ಟರಾಲು ಇಳಿದರೆ ಒಳ್ಳೆಯದು, ಏರಿದರೆ ಕೆಟ್ಟದು ಎಂಬ ಒಂದೇ ಸೂತ್ರವನ್ನು ಹಿಡಿದು ಬಹುಕಾಲ ನೆಮ್ಮದಿಯಿಂದ ಬಾಳಿದವರು. ಆ ನೆಮ್ಮದಿ ಎರಡು ಸಲ ಕೆಟ್ಟಿತು. ಮೊದಲನೆಯ ಸಲ ನಾವು ಮೋಸಹೋದೆವು. ಎರಡನೆಯ ಸಲ ನಮ್ಮ ಮಾತಿನಿಂದ ಇನ್ನೊಬ್ಬರು ಮೋಸಹೋದರು. ಅಜ್ಞಾನದಿಂದಾದ ಮೊದಲ ತಪ್ಪನ್ನು ಯಾರೂ ಕ್ಷಮಿಸಿಯಾರು. ಅರೆಜ್ಞಾನದಿಂದಾದ ಎರಡನೆಯದರ ವಿಷಯದಲ್ಲಿ ನಮಗೆ ಅಷ್ಟು ಧೈರ್ಯವಿಲ್ಲ. ವಾಚಕರ ಮುಂದೆ ಎರಡನ್ನೂ ಇಡುತ್ತಿದ್ದೇವೆ.

ನಮ್ಮ ಅಕ್ಕನ ಮನೆ ನಮ್ಮ ತೋಟಕ್ಕೆ ತಾಗಿಕೊಂಡೇ ಇದೆ. ನಡುವೆ ಒಂದು ತೋಡು. ತೋಡಿಗೆ ಅಡಕೆ ಮರದ ಒಂದು ಸಂಕ. ಭಾವ ಕಟ್ಟುನಿಟ್ಟಿನ ಮನುಷ್ಯ. 2009ರಲ್ಲಿ ಯಾವುದೋ ಕಾರಣಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ ಅವರ ಕೊಲೆಸ್ಟರಾಲು 248 ಎಂದು ತಿಳಿಯಿತು. ವೈದ್ಯರು 200ರ ಒಳಗಿರಬೇಕು ಎಂದರು. ಒಂದು ಗುಳಿಗೆಯನ್ನು ಬರೆದುಕೊಟ್ಟರು. ಅಂದಿನಿಂದ ಅಕ್ಕನ ಅಡುಗೆಮನೆಯಲ್ಲಿ ತೆಂಗಿನೆಣ್ಣೆಗೆ ಗ್ರಹಣ ಹಿಡಿಯಿತು. ತನ್ನದೇ ತೋಟದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಎಣ್ಣೆ ತರುತ್ತಿದ್ದ ಮನೆಯಲ್ಲಿ ಪೇಟೆಯ ಎಣ್ಣೆಯ ಪೊಟ್ಟಣ ಬಂದು ಕುಳಿತಿತು. ಒಗ್ಗರಣೆಯ ಪರಿಮಳವೇ ಹೋಯಿತೆಂದು ಅಕ್ಕ ಗೊಣಗಿದರೂ ಭಾವ ಜಗ್ಗಲಿಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಪ್ರತಿಯೊಂದು ವರದಿಯೂ ಭೂಕಂದಾಯದ ರಶೀದಿಗಳಿರುವ ರಟ್ಟಿನ ಕಡತದಲ್ಲೇ ಭದ್ರ. ಗುಳಿಗೆಯ ಬಲದಿಂದ ಅಂಕೆ 190ರ ಆಸುಪಾಸಿನಲ್ಲಿ ನಿಂತಿತು. ಅದನ್ನು ಇನ್ನೂ ಇಳಿಸಬೇಕೆಂಬುದು ಭಾವನ ಹಂಬಲವಾಗಿತ್ತು.

ಇಷ್ಟೊಂದು ಭಯಭಕ್ತಿಗೆ ಪಾತ್ರವಾದ ಈ ವಸ್ತುವೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದುವರಿಯುವುದು ಲೇಸು. ಇದು ಮೇಣದಂತಹ ಒಂದು ಪದಾರ್ಥ. 18ನೆಯ ಶತಮಾನದಲ್ಲಿ ಫ್ರೆಂಚ್ ಪಂಡಿತರು ಇದನ್ನು ಮೊದಲು ಕಂಡುದು ಪಿತ್ತಕೋಶದ ಕಲ್ಲುಗಳಲ್ಲಿ. ಆದುದರಿಂದಲೇ ಗ್ರೀಕ್ ಭಾಷೆಯಲ್ಲಿ ಪಿತ್ತ ಮತ್ತು ಗಟ್ಟಿ ಎಂಬರ್ಥದ ಎರಡು ಮಾತುಗಳನ್ನು ಕೂಡಿಸಿ ಇದಕ್ಕೆ ಹೆಸರಿಟ್ಟರು. ಹುಟ್ಟಿನಿಂದ ಇದು ಶತ್ರುವಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿಯೂ ಇದು ಬೇಕು; ಪಿತ್ತರಸಕ್ಕೆ ಇದು ಬೇಕು; ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳು ಸಂಕಟಕಾಲದಲ್ಲಿ ಸ್ರವಿಸುವ ಕಾರ್ಟಿಸಾಲ್ ಎಂಬ ರಸಕ್ಕೆ ಇದೇ ಮೂಲದ್ರವ್ಯ. ಊಟದಿಂದ ಬರುವುದಕ್ಕಿಂತ ಹೆಚ್ಚಿನ ಪಾಲನ್ನು ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಅದು ತಯಾರಾಗುವ ಬಗೆಯನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಕಾನ್ರಾಡ್ ಬ್ಲಾಕ್ ಮತ್ತು ಫಿಯೊಡಾರ್ ಲೈನೆನ್ ಎಂಬವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮೇಣವು ನೀರಿನಲ್ಲಿ ಕರಗದು. ರಕ್ತವಾದರೋ ಬಹುಪಾಲು ನೀರು. ಆದುದರಿಂದ ಈ ಪದಾರ್ಥವು ದೋಣಿಯೇರದೆ ಪ್ರಯಾಣಮಾಡಲಾರದು. ಎಲ್‌ಡಿಎಲ್ ಎಂಬ ದೋಣಿ ಇದನ್ನು ಯಕೃತ್ತಿನಿಂದ ಊರೂರಿಗೆ ಒಯ್ಯುತ್ತದೆ; ಎಚ್‌ಡಿಎಲ್ ಎಂಬ ದೋಣಿ ಮಿಕ್ಕಿದ್ದನ್ನು ಹಿಂದಕ್ಕೆ ತರುತ್ತದೆ. ಮೊದಲಿನ ದೋಣಿಗಳು ಅತಿಯಾಗಿ ವರ್ಷಗಟ್ಟಲೆ ಓಡಾಡಿದರೆ ಸರಕು ರಕ್ತನಾಳದ ಗೋಡೆಯಲ್ಲಿ ಇಳಿದು ದಾರಿಯನ್ನು ಕಟ್ಟುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು 1948ರಿಂದ ವರ್ಷಾನುಗಟ್ಟಲೆ ಪರಿಶೀಲಿಸುತ್ತ ಹೋದವರು ಕೊಲೆಸ್ಟರಾಲಿಗೂ ಹೃದಯದ ಬೇನೆಗೂ ಇರುವ ನಂಟನ್ನು ಜಗತ್ತಿಗೆ ಮನಗಾಣಿಸಿದರು. ಜಪಾನಿನ ಅಕಿರಾ ಎಂಡೊ ಎಂಬವರು 1970ರ ದಶಕದಲ್ಲಿ ಬೂಷ್ಟಿನಿಂದ ಒಂದು ಔಷಧವನ್ನು ಬೇರ್ಪಡಿಸಿದರು. ಆ ವಂಶದ ಗುಳಿಗೆಗಳು 1987ರಿಂದ ಮಾರುಕಟ್ಟೆಗೆ ಬಂದವು. ಭಾವ ರಾತ್ರಿಯ ಊಟದ ಮೇಲೆ ನುಂಗುತ್ತಿದ್ದುದು ಅವುಗಳಲ್ಲೊಂದನ್ನೇ. ಈ ಗುಳಿಗೆಗಳಿಂದ ಲೋಕದಲ್ಲಿ ಎಷ್ಟೋ ಎದೆಗಳು ಒಡೆಯದೆ ಉಳಿದಿವೆ. ಈ ಮಾತನ್ನು ವಾಚಕರು ಮರೆಯಬಾರದು, ನಾವು ಮರೆತೆವು.

2021ರ ಮೇ ತಿಂಗಳು. ಕೊರೋನ ವ್ಯಾಧಿಯ ಎರಡನೆಯ ಅಲೆ ಹಳ್ಳಿಹಳ್ಳಿಗೂ ನುಗ್ಗಿತ್ತು. ಭಾವನಿಗೆ ಜ್ವರ ಬಂತು. ಐದು ದಿನ ಮನೆಯಲ್ಲೇ ಮಲಗಿದರು. ಆರನೆಯ ದಿನ ಬೆರಳಿಗೆ ಸಿಕ್ಕಿಸುವ ಸಣ್ಣ ಯಂತ್ರವು ರಕ್ತದ ಆಮ್ಲಜನಕ 89 ಎಂದು ತೋರಿಸಿತು. ಆಂಬುಲೆನ್ಸು ಬಂದು ಕರೆದೊಯ್ದಿತು. ಅಕ್ಕನಿಗೂ ಸೋಂಕು ತಗಲಿದ್ದರಿಂದ ಅವಳು ಮನೆಯೊಳಗೇ ಬಂದಿ. ನಾವು ತೋಡಿನ ಈಚೆ, ಅವಳು ಆಚೆ. ಎರಡು ಹೊತ್ತಿನ ಊಟವನ್ನು ಸಂಕದ ಆಚೆಯ ಕಲ್ಲಿನ ಮೇಲಿಟ್ಟು ಹಿಂದಕ್ಕೆ ಬರುತ್ತಿದ್ದೆವು. ನಾವು ದೂರ ಸರಿದ ಮೇಲೆ ಅವಳು ಬಂದು ಎತ್ತಿಕೊಳ್ಳುತ್ತಿದ್ದಳು. ರೋಗಿಯ ಹತ್ತಿರ ಯಾರನ್ನೂ ಬಿಡುವಂತಿರಲಿಲ್ಲ. ಪ್ರತಿ ಸಂಜೆ ಆಸ್ಪತ್ರೆಯಿಂದ ನಮಗೆ ದೂರವಾಣಿ ಬರುತ್ತಿತ್ತು. ರಕ್ತಪರೀಕ್ಷೆಯ ವರದಿಗಳ ಚಿತ್ರಗಳೂ ನಮ್ಮ ಮೊಬೈಲಿಗೆ ಬರುತ್ತಿದ್ದವು.

ಮೂರನೆಯ ದಿನದ ವರದಿಯಲ್ಲಿ ಇಪ್ಪತ್ತು ಮೂವತ್ತು ಸಾಲುಗಳಿದ್ದುವು. ಬಹುತೇಕ ಎಲ್ಲವೂ ನಮಗೆ ಅಪರಿಚಿತ. ಅನೇಕ ಸಾಲುಗಳ ಪಕ್ಕದಲ್ಲಿ ಎಚ್ಚರಿಕೆಯ ನಕ್ಷತ್ರ. ಆ ಅಪರಿಚಿತರ ಗುಂಪಿನಲ್ಲಿ ಒಂದು ಪರಿಚಿತ ಮುಖ ಕಂಡಂತೆ ಕೊಲೆಸ್ಟರಾಲಿನ ಸಾಲು ಕಂಡಿತು. ಒಟ್ಟು 112. ಕೆಟ್ಟದ್ದೆಂದು ಹೆಸರಾದ ಎಲ್‌ಡಿಎಲ್ 51. ಎರಡಕ್ಕೂ ನಕ್ಷತ್ರವಿರಲಿಲ್ಲ. ಒಳ್ಳೆಯದೆಂದು ಹೆಸರಾದ ಎಚ್‌ಡಿಎಲ್ 19 ಎಂದಿದ್ದು ಅದರ ಪಕ್ಕದಲ್ಲಿ ನಕ್ಷತ್ರವೇನೋ ಇತ್ತು. ಭಾವನಿಗೆ ಅದು ಯಾವತ್ತೂ ಕಡಿಮೆಯೇ ಎಂದು ನಾವು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಹನ್ನೆರಡು ವರ್ಷ ಪಥ್ಯಮಾಡಿಯೂ ಕೈಗೆ ಸಿಗದ ಅಂಕೆ ಈಗ ಸಿಕ್ಕಿದೆ! ಹಿಗ್ಗಿನಿಂದ ತೋಡಿನ ಕರೆಗೆ ಓಡಿದೆವು.

"ಅಕ್ಕಾ, ಭಾವನ ಕೊಲೆಸ್ಟರಾಲು ನೂರಹನ್ನೆರಡಕ್ಕೆ ಇಳಿದಿದೆ!"

"ಹೌದಾ? ಒಂದಾದರೂ ಒಳ್ಳೆಯ ಸುದ್ದಿ ಹೇಳಿದೆಯಲ್ಲ, ತಮ್ಮ" ಎಂದಳು ಅಕ್ಕ. ಅವಳ ಸ್ವರ ಹಲವು ದಿನಗಳ ಮೇಲೆ ತುಸು ಹಗುರವಾಗಿತ್ತು. ಆ ಸಂಜೆ ಅವಳು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ತೆರೆದ ಬಾಗಿಲಿನಿಂದ ಅದರ ಬೆಳಕು ನಮ್ಮ ಜಗಲಿಗೆ ಕಾಣುತ್ತಿತ್ತು.

ರಾತ್ರಿ ಎಂಟು ಗಂಟೆಗೆ ವೈದ್ಯೆ ಮಾತನಾಡಿದರು. ತೆಂಕಣ ಜಿಲ್ಲೆಯಿಂದ ಬಂದ ಎಳೆಯ ವಯಸ್ಸಿನವರು. ಮಲೆಯಾಳದಲ್ಲೇ ನಮ್ಮ ಸಂಭಾಷಣೆ. ಆಮ್ಲಜನಕದ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬಂದಿದೆ ಎಂದರು. ನಾವು ಧೈರ್ಯ ತಂದುಕೊಂಡು, "ಅದಿರಲಿ ಡಾಕ್ಟರೇ, ಕೊಲೆಸ್ಟರಾಲಾದರೂ ಚೆನ್ನಾಗಿ ಇಳಿದಿದೆಯಲ್ಲ?" ಎಂದೆವು.

ಕ್ಷಣಕಾಲ ಮೌನ. "ಮನೆಯಲ್ಲಿದ್ದಾಗ ಎಷ್ಟಿತ್ತು?"

"ನೂರ ತೊಂಬತ್ತರ ಹತ್ತಿರ. ಗುಳಿಗೆ ತೆಗೆದುಕೊಳ್ಳುತ್ತಿದ್ದರು."

"ಹಾಗಾದರೆ ಇದು ಪಥ್ಯದಿಂದ ಇಳಿದದ್ದಲ್ಲ, ಕಾಯಿಲೆ ಇಳಿಸಿದ್ದು. ಸೋಂಕು ತೀವ್ರವಾದವರಲ್ಲಿ ಹೀಗಾಗುತ್ತದೆ. ಇದೊಂದನ್ನೇ ನೋಡಿ ನಾವು ಏನನ್ನೂ ನಿರ್ಧರಿಸುವುದಿಲ್ಲ. ಆದರೆ ನೀವು ಸಂತೋಷಪಡುವ ಸಂಗತಿ ಇದಲ್ಲ."

ದೂರವಾಣಿ ಮುಗಿಯಿತು. ಆಚೆ ದಡದಲ್ಲಿ ದೀಪ ಉರಿಯುತ್ತಲೇ ಇತ್ತು. ಅಕ್ಕನನ್ನು ಕರೆದು ಹೇಳಲು ನಮಗೆ ಬಾಯಿ ಬರಲಿಲ್ಲ. ಸುಳ್ಳು ಹೇಳಿದವನ ಕಷ್ಟ ಬೇರೆ. ಸತ್ಯವೆಂದು ತಿಳಿದು ಸುಳ್ಳನ್ನು ಹೇಳಿ, ಅದರಿಂದ ಒಂದು ಜೀವ ಸಮಾಧಾನಪಟ್ಟುದನ್ನು ಕಂಡವನ ಕಷ್ಟ ಬೇರೆ. ಆ ರಾತ್ರಿ ನಿದ್ದೆ ಬಾರದೆ, ಈ ವಿಷಯದಲ್ಲಿ ಬಲ್ಲವರು ಬರೆದುದನ್ನು ಹುಡುಕಿ ಓದತೊಡಗಿದೆವು. ಆ ಓದು ಭಾವ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಸಾಗಿತು.

ವೈದ್ಯೆಯ ಮಾತು ಹೊಸದಾಗಿರಲಿಲ್ಲ. 2020ರಲ್ಲಿ ವ್ಯಾಧಿ ಮೊದಲು ಹಬ್ಬಿದ ಚೀನದ ವೂಹಾನಿನಲ್ಲಿ, ಬಳಿಕ ವೆಂಝೌ ನಗರದಲ್ಲಿ, ವೈದ್ಯರು ಇದನ್ನೇ ಕಂಡಿದ್ದರು. ಸೌಮ್ಯವಾಗಿ ಕಾಯಿಲೆ ಬಿದ್ದವರಿಗಿಂತ ತೀವ್ರವಾಗಿ ಬಿದ್ದವರಲ್ಲಿ ಕೊಲೆಸ್ಟರಾಲು ಹೆಚ್ಚು ಇಳಿದಿತ್ತು. ಗುಣಮುಖರಾದವರಲ್ಲಿ ಅದು ಮತ್ತೆ ಮೇಲೇರಿತು. ಉಳಿಯದವರಲ್ಲಿ ಕೊನೆಯವರೆಗೂ ಇಳಿಯುತ್ತಲೇ ಹೋಯಿತು. ಕೊರೋನವೊಂದೇ ಅಲ್ಲ, ಮಳೆಗಾಲದಲ್ಲಿ ನಮ್ಮ ಜಿಲ್ಲೆಯವರಿಗೆ ಚಿರಪರಿಚಿತವಾದ ಡೆಂಗಿ ಜ್ವರವೂ ಹೀಗೆಯೇ. ಇಂಡೋನೇಷ್ಯದಲ್ಲಿ ತೀವ್ರ ಡೆಂಗಿಯಿಂದ ನರಳಿದ ಮಕ್ಕಳ ರಕ್ತವನ್ನು ಪರೀಕ್ಷಿಸಿದವರು 2002ರಲ್ಲಿಯೇ ಕೊಲೆಸ್ಟರಾಲಿನ ಕುಸಿತವನ್ನೂ ಕಾಯಿಲೆಯ ಉಗ್ರತೆಯನ್ನೂ ಜೋಡಿಸಿ ಬರೆದಿದ್ದರು.

ಏಕೆ ಹೀಗೆ? ಕಾರಣ ಒಂದಲ್ಲ, ಹಲವು. ಕೊರೋನ, ಡೆಂಗಿ, ಇನ್‌ಫ್ಲುಯೆಂಜ ಮೊದಲಾದವುಗಳ ವೈರಾಣುಗಳು ಕೊಬ್ಬಿನ ಅಂಗಿಯನ್ನು ತೊಟ್ಟಂಥವು. ಆ ಅಂಗಿ ಅವುಗಳ ಸ್ವಂತದ್ದಲ್ಲ. ಹೊಕ್ಕ ಮನೆಯ ಪೊರೆಯನ್ನೇ ಹರಿದು ಹೊದ್ದುಕೊಂಡುದು. 2020ರಲ್ಲಿ ಕೈಗೆ ಸಾಬೂನು ಹಚ್ಚಿರೆಂದು ಲೋಕಕ್ಕೆಲ್ಲ ಸಾರಿದುದು ಈ ಅಂಗಿಯನ್ನು ಕರಗಿಸುವುದಕ್ಕಾಗಿಯೇ. ಜೀವಕೋಶವನ್ನು ಹೊಗುವುದಕ್ಕೂ ಅದರೊಳಗೆ ಸಂತತಿಯನ್ನು ಬೆಳೆಸುವುದಕ್ಕೂ ವೈರಾಣುವು ಕೋಶದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ.

ಆದರೆ ಇಳಿತದ ದೊಡ್ಡ ಪಾಲು ಕಳ್ಳನು ಕದ್ದದ್ದಲ್ಲ, ಮನೆಯವರ ಗಲಭೆಯಿಂದಾದದ್ದು. ಸೋಂಕನ್ನು ಕಂಡೊಡನೆ ದೇಹದ ರಕ್ಷಣಾವ್ಯವಸ್ಥೆ ಅಪಾಯದ ಸುದ್ದಿಯನ್ನು ಸಾರುವ ಕೆಲವು ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳಲ್ಲಿ ಇಂಟರ್‌ಲ್ಯೂಕಿನ್ 6 ಎಂಬುದು ಪ್ರಧಾನ. ಆ ಕರೆ ಮುಟ್ಟಿದಾಗ ಯಕೃತ್ತು ನಿತ್ಯದ ವ್ಯವಹಾರವನ್ನು ಬದಲಿಸಿ ಯುದ್ಧಕಾಲದ ಸಾಮಗ್ರಿಗಳ ತಯಾರಿಗೆ ತೊಡಗುತ್ತದೆ. ರಕ್ತದಲ್ಲಿ ತೇಲುವ ದೋಣಿಗಳ ಸಂಖ್ಯೆ ಕುಗ್ಗುತ್ತದೆ. ಉಳಿದ ದೋಣಿಗಳ ಘಟನೆಯೂ ಮಾರ್ಪಡುತ್ತದೆ. ಇದಕ್ಕೊಂದು ಒಳ್ಳೆಯ ಸಾಕ್ಷ್ಯವುಂಟು. ಕೀಲುವಾತದ ರೋಗಿಗಳಿಗೆ ಇಂಟರ್‌ಲ್ಯೂಕಿನ್ 6ರ ಕೂಗನ್ನು ತಡೆಯುವ ಟೋಸಿಲಿಜುಮಾಬ್ ಎಂಬ ಮದ್ದನ್ನು ಕೊಟ್ಟಾಗ ಅವರ ಕೊಲೆಸ್ಟರಾಲು ಏರುವುದನ್ನು ವೈದ್ಯರು ಕಂಡಿದ್ದಾರೆ. ಕೂಗು ಅಡಗಿದರೆ ಅಂಕೆ ಏರುತ್ತದೆ. ಕೂಗು ಹೆಚ್ಚಿದರೆ ಅಂಕೆ ಇಳಿಯುತ್ತದೆ. ಇದಲ್ಲದೆ, ಡೆಂಗಿಯಂತಹ ಕಾಯಿಲೆಗಳು ತೀವ್ರವಾದಾಗ ರಕ್ತನಾಳಗಳು ಸೋರುತ್ತವೆ. ಸೋರುವ ದ್ರವದೊಡನೆ ದೋಣಿಗಳೂ ಹೊರಬೀಳುತ್ತವೆ. ಅನ್ನ ಸೇರದಿರುವುದು, ಯಕೃತ್ತಿಗೆ ಪೆಟ್ಟು ಬೀಳುವುದು, ಇವೂ ಸೇರಿಕೊಳ್ಳುತ್ತವೆ. ಎಚ್‌ಡಿಎಲ್ಲಿಗಾದರೋ ಸರಕು ಸಾಗಿಸುವುದರ ಜೊತೆಗೆ ಬ್ಯಾಕ್ಟೀರಿಯಗಳ ವಿಷವನ್ನು ಹಿಡಿದುಕೊಳ್ಳುವ, ಉರಿಯೂತವನ್ನು ತಣಿಸುವ ಕೆಲಸವೂ ಉಂಟು. ನಾವು ಲಕ್ಷ್ಯಕ್ಕೆ ತಾರದೆ ಬಿಟ್ಟ ಆ 19ರ ಪಕ್ಕದ ನಕ್ಷತ್ರ ಎಷ್ಟು ಮಾತನ್ನು ಹೇಳುತ್ತಿತ್ತು!

ಹನ್ನೆರಡು ವರ್ಷ ಯಾವ ಅಂಕೆ ಇಳಿಯಲೆಂದು ಹಾರೈಸಿದ್ದೆವೋ ಅದು ಏರಲೆಂದು ನಾವು ಆ ವಾರ ದೇವರಿಗೆ ಹರಕೆ ಹೊತ್ತೆವು. ಭಾವನಿಗೆ ಆಮ್ಲಜನಕದೊಡನೆ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಮದ್ದನ್ನು ಕೊಡುತ್ತಿದ್ದರು. ಕೃತಕ ಉಸಿರಾಟದಲ್ಲಿರುವ ಕೊರೋನ ರೋಗಿಗಳ ಸಾವನ್ನು ಅದು ಸುಮಾರು ಮೂರರಲ್ಲೊಂದು ಪಾಲು, ಆಮ್ಲಜನಕವನ್ನಷ್ಟೆ ಪಡೆಯುತ್ತಿರುವವರ ಸಾವನ್ನು ಐದರಲ್ಲೊಂದು ಪಾಲು ತಗ್ಗಿಸುತ್ತದೆಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನವರು 2020ರ ಜೂನಿನಲ್ಲಿ ಸಾರಿದ್ದರು. ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ವೈದ್ಯೆಯ ಸ್ವರದಲ್ಲಿ ಬದಲಾವಣೆಯಿತ್ತು. ಆಮ್ಲಜನಕವನ್ನು ತಗ್ಗಿಸಿದ್ದೇವೆ, ಗಂಜಿ ಕುಡಿದರು, ಎದ್ದು ಕುಳಿತರು ಎಂದರು. ಕೊನೆಗೆ, ನಮ್ಮ ಹಳೆಯ ಪ್ರಶ್ನೆಯನ್ನು ನೆನಪಿಟ್ಟುಕೊಂಡು, ಮೆಲ್ಲನೆ ನಕ್ಕು, "ನಿಮ್ಮ ಕೊಲೆಸ್ಟರಾಲು ನೂರ ನಲವತ್ತಾರಕ್ಕೆ ಏರಿದೆ" ಎಂದರು. ಈ ಸಲ ನಾವು ತೋಡಿನ ಕರೆಗೆ ಓಡಲಿಲ್ಲ. ನಡೆದೇ ಹೋಗಿ, ನಡೆದದ್ದನ್ನೆಲ್ಲ ಅಕ್ಕನಿಗೆ ಮೊದಲಿನಿಂದ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂದು ದೀಪ ಹಚ್ಚಿದ್ದು ಯಾವುದಕ್ಕೆ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ.

ಭಾವ ಮನೆಗೆ ಬಂದರು. ಮಳೆಗಾಲ ಕಳೆಯುವಷ್ಟರಲ್ಲಿ ನಡೆದಾಡುವಂತಾದರು. ಆಗಸ್ಟಿನ ಪರೀಕ್ಷೆಯಲ್ಲಿ ಕೊಲೆಸ್ಟರಾಲು ಹಿಂದಿನಂತೆ 192 ಇತ್ತು. ನೆಂಟರಿಷ್ಟರು ನೋಡಲು ಬರುತ್ತಿದ್ದರು. ಚಾವಡಿಯಲ್ಲಿ ಕುಳಿತು ಕಷ್ಟಕಾಲದ ಕಥೆ ಹೇಳುವಾಗ, ಹೊಸದಾಗಿ ಓದಿಕೊಂಡವನ ಉತ್ಸಾಹದಿಂದ ನಾವು ಕೊಲೆಸ್ಟರಾಲಿನ ಮಾತನ್ನು ಎತ್ತಿಯೇ ಎತ್ತುತ್ತಿದ್ದೆವು. "ನೋಡಿ, ಎಲ್ಲರೂ ಕಡಿಮೆಯಾಗಲಿ ಕಡಿಮೆಯಾಗಲಿ ಎನ್ನುತ್ತಾರೆ. ಕೊರೋನದಲ್ಲಿ ಕಡಿಮೆಯಾದವರೇ ಕಷ್ಟಕ್ಕೆ ಸಿಕ್ಕಿದ್ದು" ಎಂಬ ಮಾತು ನಮ್ಮ ಬಾಯಿಂದ ಎಷ್ಟು ಸಲ ಬಂದಿತೋ! ಕೇಳಿದವರು ಬೆರಗಾಗುತ್ತಿದ್ದರು. ಬೆರಗುಗೊಳಿಸುವ ಸುಖ ಸಣ್ಣದಲ್ಲ. ಭಾವ ಆರಾಮಕುರ್ಚಿಯಲ್ಲಿ ಒರಗಿ ಎಲ್ಲವನ್ನೂ ಕೇಳುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ.

2022ರ ಮೇ ತಿಂಗಳಲ್ಲಿ, ಆಸ್ಪತ್ರೆಯ ವಾಸಕ್ಕೆ ಸರಿಯಾಗಿ ವರ್ಷ ತುಂಬುವ ಹೊತ್ತಿಗೆ, ಒಂದು ಮುಂಜಾನೆ ಭಾವನಿಗೆ ಎದೆ ಹಿಂಡಿದಂತಾಯಿತು. ಮೈಯೆಲ್ಲ ಬೆವರು. ಕಾರಿನಲ್ಲಿ ಮಂಗಳೂರಿಗೆ ಒಯ್ದೆವು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದ್ದಾಗ ನಮ್ಮ ಕಡೆಯ ರೋಗಿಗಳು ಆ ದಾರಿಯಲ್ಲಿ ಪಟ್ಟ ಪಾಡು ನೆನಪಾಗಿ, ಗಡಿ ದಾಟುವವರೆಗೂ ಉಸಿರು ಬಿಗಿಹಿಡಿದಿದ್ದೆವು. ದಾರಿ ತೆರೆದೇ ಇತ್ತು. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು; ಸ್ಟೆಂಟ್ ಎಂಬ ಬಲೆಯ ಕೊಳವೆಯನ್ನಿಟ್ಟು ದಾರಿ ಬಿಡಿಸಿದರು. ಕೊಲೆಸ್ಟರಾಲು 262.

"ಗುಳಿಗೆ ತೆಗೆದುಕೊಳ್ಳುತ್ತಿಲ್ಲವೆ?" ಎಂದು ಹೃದಯವೈದ್ಯರು ಕೇಳಿದರು. ನಾವು "ತಪ್ಪದೆ ತೆಗೆದುಕೊಳ್ಳುತ್ತಾರೆ" ಎನ್ನುವಷ್ಟರಲ್ಲಿ ಭಾವ ಮಂಚದ ಮೇಲಿಂದಲೇ ಕೈಯೆತ್ತಿ ತಡೆದರು.

"ಇಲ್ಲ. ಸೆಪ್ಟೆಂಬರಿನಿಂದ ಬಿಟ್ಟಿದ್ದೇನೆ. ಕಡಿಮೆಯಾದರೇ ಅಪಾಯ ಎಂದು ಇವನೇ ಅಲ್ಲವೆ ಹೇಳಿದ್ದು?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಅನುಕೂಲವಾಗುತ್ತಿತ್ತು.

ವೈದ್ಯರು ನ್ಯಾಯವಂತರು. ಎಂಟು ತಿಂಗಳು ಗುಳಿಗೆ ಬಿಟ್ಟುದರಿಂದಲೇ ಹೀಗಾಯಿತೆಂದು ಒಬ್ಬ ರೋಗಿಯ ವಿಷಯದಲ್ಲಿ ಖಂಡಿತವಾಗಿ ಹೇಳಲಾಗದು; ನಾಳ ಕಟ್ಟುವ ಕೆಲಸ ಹತ್ತಾರು ವರ್ಷಗಳದ್ದು; ಆದರೆ ಬಿಟ್ಟದ್ದು ತಪ್ಪು ಎಂದರು. ಆ ನ್ಯಾಯದಿಂದ ನಮ್ಮ ಭಾರವೇನೂ ಇಳಿಯಲಿಲ್ಲ. ನಾವು ಹೇಳಿದುದು ಸುಳ್ಳಾಗಿರಲಿಲ್ಲ, ಅರ್ಧ ಸತ್ಯವಾಗಿತ್ತು. ಹೇಳದೆ ಬಿಟ್ಟ ಇನ್ನರ್ಧವನ್ನು ಇಲ್ಲಿ ಹೇಳುವುದು ನಮ್ಮ ಪ್ರಾಯಶ್ಚಿತ್ತ.

ನಮ್ಮ ಬಾಲ್ಯದಲ್ಲಿ ಒಂದು ಬೇಸಗೆಯ ರಾತ್ರಿ ಕೊಟ್ಟಿಗೆಯ ಹಿಂದಿನ ಬೈಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಗುಡ್ಡೆಯ ಸುರಂಗದಿಂದ ಹರಿದು ಬರುವ ನೀರು ತುಂಬಿದ ಕೆರೆ ನಮ್ಮ ಅಂಗಳದ ಕೆಳಗೇ ಇತ್ತು. ಮನೆಯವರೂ ನೆರೆಯವರೂ ಸಾಲುನಿಂತು ಕೊಡಪಾನದಿಂದ ಕೊಡಪಾನಕ್ಕೆ ನೀರು ದಾಟಿಸಿ ಬೆಂಕಿಯನ್ನು ಆರಿಸಿದರು. ಬೆಳಗಾದಾಗ ಕೆರೆಯ ತಳದ ಕೆಸರು ಕಾಣುತ್ತಿತ್ತು. ಆ ಬೆಳಗ್ಗೆ ಯಾರಾದರೂ ಬರಿದಾದ ಕೆರೆಯನ್ನು ನೋಡಿ, ನೀರು ಕಡಿಮೆಯಾದುದರಿಂದಲೇ ಬಣವೆಗೆ ಬೆಂಕಿ ಬಿತ್ತು ಎಂದಿದ್ದರೆ ಅಜ್ಜ ನಗುತ್ತಿದ್ದರು. ಕೆರೆಯ ಮಟ್ಟ ಇಳಿದದ್ದು ಬೆಂಕಿಯ ದೊಡ್ಡಸ್ತಿಕೆಯನ್ನು ಹೇಳುತ್ತಿತ್ತೇ ಹೊರತು ಬೆಂಕಿಯ ಕಾರಣವನ್ನಲ್ಲ.

ತೀವ್ರ ಸೋಂಕಿನಲ್ಲಿ ಇಳಿದ ಕೊಲೆಸ್ಟರಾಲು ಬಹಳ ಮಟ್ಟಿಗೆ ಇಂಥದೇ. ಅದು ಕಾಯಿಲೆಯ ಉಗ್ರತೆಯ ಕುರುಹು. ಎಚ್‌ಡಿಎಲ್ಲಿನಂತಹವುಗಳ ಕೊರತೆಯಿಂದ ದೇಹದ ರಕ್ಷಣೆ ಇನ್ನಷ್ಟು ದುರ್ಬಲವಾಗುವುದೂ ಸಾಧ್ಯ; ಆರುವ ಮೊದಲೇ ಕೆರೆ ಬತ್ತಿದರೆ ಬೆಂಕಿ ಗೆಲ್ಲುವಂತೆ. ಮತ್ತೊಂದು ತೊಡಕೂ ಉಂಟು. ಕಾಯಿಲೆಗೆ ಮೊದಲೇ ಅಂಕೆ ತಗ್ಗಿರುವವರಲ್ಲಿ ಅನೇಕರು ಮುಪ್ಪಿನಿಂದ, ಹಸಿವಿನಿಂದ, ಬೇರೆ ವ್ಯಾಧಿಗಳಿಂದ ಸೊರಗಿದವರು. ಎಚ್‌ಡಿಎಲ್ ತಗ್ಗಿರುವವರಲ್ಲಿ ಸಕ್ಕರೆ ಕಾಯಿಲೆಯವರೂ ಸ್ಥೂಲಕಾಯರೂ ಹೆಚ್ಚು. ಅವರ ಸಂಕಟಕ್ಕೆ ಅಂಕೆಯನ್ನೇ ಹೊಣೆಮಾಡುವುದು ಹೇಗೆ?

ಗುಳಿಗೆ ತಿನ್ನುತ್ತಿದ್ದವರಿಗೆ ಅದರಿಂದ ಕೇಡಾಯಿತೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಕೇಳದೆ ಬಿಟ್ಟಿಲ್ಲ. ನಿಲ್ಲಿಸಬೇಕಾದ ಕಾರಣ ಅವರಿಗೆ ಕಾಣಲಿಲ್ಲ. ಹಾಗೆಂದು ಅದು ಕೊರೋನಕ್ಕೆ ದಿವ್ಯೌಷಧವೂ ಅಲ್ಲ. ಇರಾನಿನಲ್ಲಿ ತೀವ್ರ ನಿಗಾ ಘಟಕದ ರೋಗಿಗಳಿಗೆ ಅಟೊರ್ವಾಸ್ಟಾಟಿನ್ ಕೊಟ್ಟು ನೋಡಿದ ಪರೀಕ್ಷೆಯ ಫಲ 2022ರಲ್ಲಿ ಬಂತು. ಗಣನೀಯ ಲಾಭ ಕಾಣಲಿಲ್ಲ. ಹಲವು ದೇಶಗಳಲ್ಲಿ ಸಿಂವಾಸ್ಟಾಟಿನ್ ಕೊಟ್ಟು ನೋಡಿದ ಪರೀಕ್ಷೆಯ ಫಲ 2023ರಲ್ಲಿ ಬಂತು. ಲಾಭದ ಸಂಭವ ಹೆಚ್ಚೆಂದು ತೋರಿದರೂ ಮುಂಚಿತವಾಗಿ ಗೊತ್ತುಮಾಡಿದ್ದ ಮಟ್ಟವನ್ನು ಅದು ಮುಟ್ಟಲಿಲ್ಲ. ಜ್ವರದ ಹತ್ತು ದಿನಗಳ ಲೆಕ್ಕ ಬೇರೆ, ಹೃದಯದ ಮೂವತ್ತು ವರ್ಷಗಳ ಲೆಕ್ಕ ಬೇರೆ. ಎರಡು ಲೆಕ್ಕಗಳಲ್ಲಿ ಒಂದೇ ಅಂಕೆ ಬರುತ್ತದೆಂದು ನಾವು ಎರಡು ಪುಸ್ತಕಗಳನ್ನೂ ಒಂದಾಗಿ ಹೊಲಿದುಬಿಟ್ಟೆವು; ತಪ್ಪಾದುದು ಅಲ್ಲಿ.

ಗಡಿನಾಡಿನವರಾದ ನಮಗಾದರೂ ಇದು ತಿಳಿಯಬೇಕಾಗಿತ್ತು. 1956ರ ನವೆಂಬರ್ 1ರಂದು ನಕ್ಷೆಯ ಮೇಲೆ ಒಂದು ಗೆರೆ ಬಿತ್ತು. ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು. ಗೆರೆಯ ಆಚೆಯವರು ಕನ್ನಡಿಗರು, ಈಚೆಯವರು ಅಲ್ಲ ಎಂದು ಯಾರಾದರೂ ಅಂದರೆ ನಾವು ಸುಮ್ಮನಿರುತ್ತೇವೆಯೆ? ನೆಲವನ್ನು ನೋಡು, ಮನೆಯೊಳಗಿನ ಮಾತನ್ನು ಕೇಳು, ಆಮೇಲೆ ಹೇಳು ಎನ್ನುತ್ತೇವೆ. ವರದಿಯ ಹಾಳೆಯಲ್ಲಿ 200 ಎಂಬ ಗೆರೆಯನ್ನು ಕಂಡಾಗ ಮಾತ್ರ ಆ ವಿವೇಕವನ್ನು ಮರೆತೆವು. ಗೆರೆಯ ಕೆಳಗಿದ್ದುದೆಲ್ಲ ಆರೋಗ್ಯವೆಂದುಕೊಂಡೆವು. ಅದು ಸುಳ್ಳಾದಾಗ ಗೆರೆಯೇ ಸುಳ್ಳೆಂದು ಸಾರಿದೆವು.

ಭಾವ ಈಗ ಗುಳಿಗೆಯನ್ನು ತಪ್ಪದೆ ನುಂಗುತ್ತಾರೆ. ಹೃದಯವೈದ್ಯರು ಅಂಕೆಯನ್ನು ಹಿಂದಿಗಿಂತಲೂ ಕೆಳಗಿಡಬೇಕೆಂದಿದ್ದಾರೆ. ಆರೋಗ್ಯವಾಗಿರುವಾಗ ಗುಳಿಗೆಯಿಂದ ಇಳಿದ ಆ ಅಂಕೆಗೆ ನಾವು ಹೆದರುವುದಿಲ್ಲ. ತೆಂಗಿನೆಣ್ಣೆಗೆ ಅಕ್ಕ ತಿಂಗಳಿಗೆರಡು ಸಲ, ಪತ್ರೊಡೆಯ ದಿವಸ ಮತ್ತು ಇನ್ನೊಂದು ದಿವಸ, ಒಳಗೆ ಬರಲು ಅಪ್ಪಣೆ ಕೊಟ್ಟಿದ್ದಾಳೆ.

ಕಳೆದ ಡಿಸೆಂಬರಿನಲ್ಲಿ ಭಾವನಿಗೆ ನಾಲ್ಕು ದಿನ ಜ್ವರ ಬಂದಿತ್ತು. ಮರುವಾರವೇ ವಾಡಿಕೆಯ ಪರೀಕ್ಷೆಯ ದಿನ. ನಾವು ಸಂಕ ದಾಟಿ ಹೋದಾಗ ಅಕ್ಕ ರಟ್ಟಿನ ಕಡತವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕೆಲವು ವರ್ಷಗಳಿಂದ ಅವಳು ಪ್ರತಿಯೊಂದು ವರದಿಯ ಬೆನ್ನಿಗೂ ಪೆನ್ಸಿಲಿನಿಂದ ಒಂದೆರಡು ಸಾಲು ಬರೆದಿಡುತ್ತಿದ್ದಾಳೆಂಬುದು ಆಗಲೇ ನಮಗೆ ಗೊತ್ತಾದದ್ದು. "ಜ್ವರ ಇಲ್ಲ. ಊಟ ಸರಿ. ಗುಳಿಗೆ ದಿನಾ." "ನೆಗಡಿ ಇತ್ತು. ಎರಡು ದಿನ ಊಟ ಕಮ್ಮಿ." ಹಿಂದಕ್ಕೆ ಮಗುಚುತ್ತ ಹೋದೆವು. 112ರ ವರದಿಯನ್ನೂ ಅವಳು ಯಾರಿಂದಲೋ ಅಚ್ಚುಹಾಕಿಸಿ ಇಟ್ಟಿದ್ದಳು. ಅದರ ಬೆನ್ನಿಗೆ, "ಆಸ್ಪತ್ರೆಯಲ್ಲಿ. ಮೂರನೇ ದಿನ. ಬಹಳ ಕಷ್ಟ" ಎಂದಿತ್ತು.

"ಈ ವಾರ ರಕ್ತ ಕೊಡುವುದು ಬೇಡ" ಎಂದಳು ಅಕ್ಕ. "ಜ್ವರ ಬಿಟ್ಟು ಕೆಲವು ವಾರ ಕಳೆಯಲಿ; ಆಗ ಬಂದ ಅಂಕೆ ಸರಿಯಾದ ಅಂಕೆ ಎಂದು ಡಾಕ್ಟರು ಹೇಳಿದ್ದಾರೆ. ನೀನೇನು ಹೇಳುತ್ತಿ, ತಮ್ಮ?"

ನಾವು ಏನನ್ನೂ ಹೇಳಲಿಲ್ಲ. ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆವು.